ಜಾಲಿಮುಳ್ಳಿಗೆ ಜಗ್ಗದ ಟೈರು

ಹೆಣ್ಣು ನೋಡಲು ಹೊರಟವನಿಗೆ ಸಲಹೆ ಕೊಡಲು ಎಷ್ಟು ಜನ ಸೇರುತ್ತಾರೋ, ಸೈಕಲ್ಲಿಗೆ ಟೈರು ಕೊಳ್ಳಲು ಹೊರಟವನಿಗೂ ಅಷ್ಟೇ ಜನ ಸೇರುತ್ತಾರೆ. ಒಂದೇ ವ್ಯತ್ಯಾಸ: ಹೆಣ್ಣಿನ ವಿಷಯದಲ್ಲಿ ಗೊತ್ತಿಲ್ಲದೆ ಮಾತಾಡಲು ಸ್ವಲ್ಪವಾದರೂ ಹಿಂಜರಿಯುತ್ತಾರೆ, ಟೈರಿನ ವಿಷಯದಲ್ಲಿ ಅದೂ ಇಲ್ಲ. ಹುಟ್ಟಿದ ಮೇಲೆ ಸೈಕಲ್ ಹತ್ತದ ನಮ್ಮ ಪಕ್ಕದ ಮನೆಯ ಪುರೋಹಿತರು ಕೂಡ, "ಮೇಷ್ಟ್ರೇ, ಗಾಳಿ ಕಮ್ಮಿ ಹೊಡಿಸಿ, ಆಗ ಮುಳ್ಳು ಮೆತ್ತಗೆ ಚುಚ್ಚುತ್ತೆ" ಎಂದಿದ್ದರು. ಮೆತ್ತಗೆ ಚುಚ್ಚಿಸಿಕೊಂಡರೆ ಏನು ಲಾಭ ಎಂದು ನಾನು ಬಹಳ ಯೋಚಿಸಿದೆ, ತಿಳಿಯಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಒಂದು ಬಾಡಿಗೆ ಮನೆ ಹಿಡಿದು ಸುಶೀಲಳೊಂದಿಗೆ ಹೊಸ ಸಂಸಾರ ಹೂಡಿದ್ದೆ. ಕೆಲಸ ಮಾತ್ರ ದೊಡ್ಡಬೆಳವಂಗಲದ ಶಾಲೆಯಲ್ಲಿ, ವಿಜ್ಞಾನದ ಮೇಷ್ಟ್ರು. ದಿನವೂ ಸೈಕಲ್ಲಿನಲ್ಲೇ ಓಡಾಟ. ರೈತರು ಜಾಲಿ ಕಡಿದು ಹೊಲಕ್ಕೆ ಬೇಲಿ ಹಾಕುತ್ತಿದ್ದರು. ಗಾಡಿಯಲ್ಲಿ ಸಾಗಿಸುವಾಗ ಉದುರಿದ ಮುಳ್ಳುಗಳೆಲ್ಲ ನನ್ನ ದಾರಿಯನ್ನೇ ಕಾಯುತ್ತಿದ್ದವು. ಪಂಕ್ಚರ್ ಹಾಕಿಕೊಂಡು, ಕೈಗೆಲ್ಲ ಸಲ್ಯೂಷನ್ ಅಂಟು ಮೆತ್ತಿಕೊಂಡು ಶಾಲೆ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು.

ಒಂದು ದಿನ ಹೆಡ್‌ಮಾಸ್ತರರು ತಾಳ್ಮೆ ಕಳೆದುಕೊಂಡರು. "ಏನ್ರೀ, ಇನ್ನೊಂದು ಸಲ ತಡವಾಗಿ ಬಂದ್ರೆ ಮೊದಲನೇ ಪೀರಿಯಡ್ ವಿಜ್ಞಾನ ರುದ್ರಪ್ಪನಿಗೆ ಕೊಟ್ಬಿಡ್ತೀನಿ."

ರುದ್ರಪ್ಪ ನಮ್ಮ ಡ್ರಿಲ್ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ನನಗೆ ತಡವಾದ ಒಂದು ದಿನ ಅವನು ನನ್ನ ಪಾಠ ಮಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೆ. "ಭೂಮಿ ಯಾಕೆ ಸುತ್ತುತ್ತೆ ಸಾರ್?" ಎಂದು ಯಾರೋ ಕೇಳಿದ್ದರು. "ನಿಂತ್ರೆ ಬಿದ್ದೋಗುತ್ತೆ ಕಣ್ರೋ, ಸೈಕಲ್ ಥರ. ಬರ್ಕೊಳ್ಳಿ" ಎಂದಿದ್ದ. ತರಗತಿಯೆಲ್ಲ ಶ್ರದ್ಧೆಯಿಂದ ಬರೆದುಕೊಂಡಿತ್ತು. ಅಂಥವನ ಕೈಗೆ ವಿಜ್ಞಾನ ಹೋಗುತ್ತದಲ್ಲ ಎಂದು ನನಗೆ ನಿದ್ದೆ ಬರಲಿಲ್ಲ.

ಸಾಲದ್ದಕ್ಕೆ ಅದೇ ಸಮಯಕ್ಕೆ ಊರಿನ ಯುವಕರ ಸಂಘದವರು ದೇವನಹಳ್ಳಿಯವರೆಗೆ ಸೈಕಲ್ ರೇಸು ಇಟ್ಟರು. ರುದ್ರಪ್ಪ ಹೆಸರು ಕೊಟ್ಟ. ರೋಷಕ್ಕೆ ನಾನೂ ಕೊಟ್ಟೆ. "ನಾನು ಬೆಂಗಳೂರಿಂದ ತೆಳು ಟೈರು ತರಿಸಿದೀನಿ ಗುರು, ಗಾಳೀಲಿ ತೇಲಿದಂಗೆ ಹೋಗುತ್ತೆ" ಎಂದ ಅವನು. ಈಗ ನನಗೆ ಬೇಕಾದದ್ದು ದಿನದ ಓಡಾಟಕ್ಕೂ ಆಗಬೇಕು, ರೇಸಿನ ಅಭ್ಯಾಸಕ್ಕೂ ಆಗಬೇಕು, ಮುಳ್ಳಿಗೂ ಜಗ್ಗಬಾರದು, ಅಂಥ ಟೈರು. ಹೆಣ್ಣು ನೋಡುವಾಗಲೂ ನನಗೆ ಇಷ್ಟೊಂದು ಷರತ್ತುಗಳಿರಲಿಲ್ಲ.

ಕೇಳಿ ಪ್ರಯೋಜನವಿಲ್ಲ, ಪರೀಕ್ಷಿಸಿಯೇ ನೋಡಬೇಕು ಎಂದುಕೊಂಡು, ಸೈಕಲ್ ಷಾಪಿನಿಂದ ಬಗೆಬಗೆಯ ಹಳೇ ಟೈರಿನ ತುಂಡುಗಳನ್ನು ತಂದೆ. ಅಡುಗೆಮನೆಯ ನೆಲದ ಮೇಲೆ ಜೇಡಿಮಣ್ಣಿನ ಮುದ್ದೆಯಲ್ಲಿ ಮುಳ್ಳು ನೆಟ್ಟು, ಮೇಲೆ ಟೈರಿನ ತುಂಡಿಟ್ಟು, ಅದರ ಮೇಲೆ ರುಬ್ಬುವ ಗುಂಡುಕಲ್ಲು ಹೇರಿದೆ. ಸುಶೀಲ ಮೊದಲು ಬೈದಳು. ಆಮೇಲೆ ಪಕ್ಕದಲ್ಲಿ ಕೂತಳು. ಆಮೇಲೆ, "ರೀ, ಹಸಿ ಮುಳ್ಳು ಬಗ್ಗುತ್ತೆ, ಒಣಗಿದ್ದು ತನ್ನಿ" ಎಂದು ನನ್ನನ್ನೇ ಓಡಿಸಿದಳು. ತೆಳು ಟೈರಿನೊಳಕ್ಕೆ ಮುಳ್ಳು ವಡೆ ಹಿಟ್ಟಿಗೆ ಬೆರಳು ಹೋದಂತೆ ಹೋಯಿತು. ಹಾಲಿನ ಕ್ಯಾನು ಹೊರುವ ಸೈಕಲ್ಲಿನ ದಪ್ಪ ಟೈರಿನಲ್ಲಿ ಮುಳ್ಳೇ ಮುರಿಯಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು.

ಹಾಗೆ ತಟ್ಟುತ್ತಿರುವಾಗಲೇ ಹೊಸಕೋಟೆಯಿಂದ ಬಂದ ಮಾವನವರು ನೀರು ಕುಡಿಯಲು ಒಳಗೆ ಕಾಲಿಟ್ಟರು. ಒಂದು ಕೂಗು ಕೇಳಿಸಿತು. ಒಂಟಿ ಕಾಲಲ್ಲಿ ನಿಂತು, "ಏನಳಿಯಂದ್ರೇ, ಅಡುಗೆಮನೇಲಿ ಜಾಲಿ ಬೆಳೆ ಇಟ್ಟಿದೀರಾ?" ಎಂದರು. ಸುಶೀಲ ಅಪ್ಪನ ಹಿಮ್ಮಡಿಯ ಮುಳ್ಳು ಕೀಳುತ್ತ, "ಅಪ್ಪಾ, ಪೂರ್ತಿ ಒಳಗೆ ಹೋಗಿಲ್ಲ, ಅರ್ಧಕ್ಕೇ ನಿಂತಿದೆ" ಎಂದಳು. ಅವಳ ದನಿಯಲ್ಲಿ ಮರುಕಕ್ಕಿಂತ ಕುತೂಹಲವೇ ಹೆಚ್ಚಿತ್ತು.

ದಪ್ಪ ಟೈರು ಹಾಕಿಸಿದೆ. ತುಳಿದರೆ ಸೈಕಲ್ಲು ಹಿಟ್ಟಿನ ಗಿರಣಿಯಂತೆ ಭಾರ. ತೊಡೆ ನೋವಿಗೆ ಸುಶೀಲ ರಾತ್ರಿ ಎಣ್ಣೆ ಕಾಯಿಸಿಕೊಡುತ್ತಿದ್ದಳು. ಆದರೆ ಪ್ರಾರ್ಥನೆಗೆ ಮುಂಚೆ ಶಾಲೆಯಲ್ಲಿರತೊಡಗಿದೆ. ಹೆಡ್‌ಮಾಸ್ತರರು ವಿಜ್ಞಾನವನ್ನು ನನ್ನಲ್ಲೇ ಉಳಿಸಿದರು.

ರೇಸಿನ ದಿನ ಸುಶೀಲ, ಮಾವನವರು ಬಸ್ಸಿನಲ್ಲಿ ಮುಂಚೆಯೇ ದೇವನಹಳ್ಳಿಗೆ ಹೋಗಿ ಕೋಟೆಯ ಬಳಿ ಕಾದಿದ್ದರು. ಹೊರಟ ತುಸು ಹೊತ್ತಿಗೇ ಎಲ್ಲರೂ ನನ್ನನ್ನು ದಾಟಿದರು. ರುದ್ರಪ್ಪ, "ಹಾಲು ತಗೊಂಡು ನಿಧಾನವಾಗಿ ಬಾ ಗುರು!" ಎಂದು ಕೈ ಬೀಸಿದ. ಆದರೆ ಅರ್ಧ ದಾರಿಯಲ್ಲಿ, ಅಂದು ಬೆಳಿಗ್ಗೆಯೇ ಯಾರದೋ ಬೇಲಿಮುಳ್ಳಿನ ಗಾಡಿ ಹಾದುಹೋಗಿತ್ತು. ರಸ್ತೆ ಬದಿಯಲ್ಲಿ ಒಬ್ಬೊಬ್ಬರಾಗಿ ಸೈಕಲ್ ಮಲಗಿಸಿ ಕೂತಿದ್ದರು. ಎಲ್ಲರಿಗಿಂತ ಮುಂದೆ ಕೂತಿದ್ದವನು ರುದ್ರಪ್ಪ. ನನ್ನ ಎದುರಿಗೆ ಖಾಲಿ ರಸ್ತೆ. ಸುಮ್ಮನೆ ತುಳಿದಿದ್ದರೆ ಗೆಲ್ಲುತ್ತಿದ್ದೆ.

ಆದರೆ ಎಲ್ಲರೂ ಹಿಂದಿನ ಚಕ್ರವನ್ನೇ ಬಿಚ್ಚುತ್ತಿದ್ದುದು ಕಣ್ಣಿಗೆ ಬಿತ್ತು. ಇಳಿದುಬಿಟ್ಟೆ. "ರುದ್ರಪ್ಪ, ಮುಂದಿನದಕ್ಕೆ ಯಾಕೆ ಚುಚ್ಚಿಲ್ಲ?"

"ಲೇ, ನನಗೇನು ಗೊತ್ತು? ನಿನ್ನ ಹತ್ರ ಸಲ್ಯೂಷನ್ ಇದ್ರೆ ಕೊಡೋ!"

ಕೊಟ್ಟೆ. ಪಂಪೂ ಕೊಟ್ಟೆ. ನಾನು ಹಿಂದಕ್ಕೆ ನಡೆದು ಉಳಿದವರ ಟೈರುಗಳನ್ನೂ ನೋಡಿ ಬರುವಷ್ಟರಲ್ಲಿ ರುದ್ರಪ್ಪ ಮಾಯವಾಗಿದ್ದ. ನನ್ನ ಪಂಪು ಅಲ್ಲೇ ಬಿದ್ದಿತ್ತು.

ದೇವನಹಳ್ಳಿ ಸೇರಿದಾಗ ಅವನ ಕೊರಳಲ್ಲಿ ಹಾರವಿತ್ತು. ಮಾವನವರು ಮುಖ ತಿರುಗಿಸಿದರು. ಸುಶೀಲ ಕೇಳಿದಳು, "ಟೈರು ಕೈ ಕೊಡ್ತಾ?"

"ಇಲ್ಲ ಕಣೇ. ಮುಳ್ಳು ಹಿಂದಿನ ಚಕ್ರಕ್ಕೇ ಚುಚ್ಚುತ್ತೆ, ನೋಡಿದೆ."

ಅವಳು ಬೈಯುತ್ತಾಳೆಂದು ಕಾದೆ. ಅವಳು ಹುಬ್ಬು ಗಂಟಿಕ್ಕಿ, "ಮಲಗಿರೋ ಮುಳ್ಳನ್ನ ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸುತ್ತೇನೋ ರೀ. ಒಂದು ಮುಳ್ಳು ತನ್ನಿ, ಉರುಳಿಸಿ ನೋಡೋಣ" ಎಂದಳು.

ಸಂಘದವರು ಅಂದು ತೆಗೆಸಿದ ಫೋಟೋ ಈಗಲೂ ನನ್ನ ಬಳಿ ಇದೆ. ನಡುವೆ ಹಾರ ಹಾಕಿಕೊಂಡ ರುದ್ರಪ್ಪ, ಅಕ್ಕಪಕ್ಕ ಸೋತವರು, ಎಲ್ಲರ ಮುಖವೂ ಚೆನ್ನಾಗಿ ಬಂದಿದೆ. ಅವರ ಹಿಂದೆ ಎರಡು ಬೆನ್ನುಗಳು ನೆಲಕ್ಕೆ ಬಾಗಿವೆ. ಸೀರೆ ಉಟ್ಟ ಬೆನ್ನು ಕೈ ತೋರಿಸಿ ಏನೋ ಅಪ್ಪಣೆ ಕೊಡುತ್ತಿದೆ. ಇನ್ನೊಂದು ಬೆನ್ನು, ಹೇಳಿದಂತೆ ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದೆ. ಅಪ್ಪಣೆ ಕೇಳುತ್ತಿರುವ ಆ ಬೆನ್ನೇ ವಿಜ್ಞಾನದ ಮೇಷ್ಟ್ರದು.