ಓವನ್ ಸುರಕ್ಷತಾ ಸಮಿತಿಯ ಮಟನ್ ಪರಿಶೀಲನೆ

ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನಲ್ಲಿ ಅನುಮತಿಯಿಲ್ಲದೆ ಓವನ್ ಬಿಸಿ ಮಾಡುವುದನ್ನು ನಿಷೇಧಿಸಲಾಗಿದೆ. ತರುಣನೆಂಬ ಒಂಟಿ ಬಾಡಿಗೆದಾರ ಬಿರಿಯಾನಿಯನ್ನು ಪ್ಲಾಸ್ಟಿಕ್ ಡಬ್ಬಿ ಸಮೇತ ಓವನ್ನಿಗೆ ತುರುಕಿ ಇಡೀ ಮಹಡಿಗೆ ಹೊಗೆ ಎಬ್ಬಿಸಿದ ದಿನವೇ ಓವನ್ ಸುರಕ್ಷತಾ ಸಮಿತಿ ಹುಟ್ಟಿತು. ಅಲ್ಲಿಯೇ ವಾಸವಿದ್ದ ಅಮರೇಶಪ್ಪನವರ ಮನೆಯಲ್ಲಿ ಓವನ್ನೇ ಇರಲಿಲ್ಲ. ಹೀಗಾಗಿ ಅವರು ನಿಷ್ಪಕ್ಷಪಾತಿಗಳೆಂದು ಅವಿರೋಧವಾಗಿ ಅಧ್ಯಕ್ಷರಾದರು.

ಇದರಿಂದ ಅದೇ ಅಪಾರ್ಟ್‌ಮೆಂಟಿನ ಯಮುನಾಬಾಯಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಸೊಸೆ ಐಶ್ವರ್ಯಾಗೆ ಏಳು ತಿಂಗಳು, ಮೇಲೆ ಬಯಕೆ. ಹುಣಸೆಕಾಯಲ್ಲ, ಮಾವಿನಕಾಯಲ್ಲ, ಸಣ್ಣ ಕಾವಿನಲ್ಲಿ ಎಲುಬು ಬಿಡುವತನಕ ಬೆಂದು, ಕಡೆಗೆ ಓವನ್ನಿನ ಮೇಲಿನ ಉರಿಗೆ ಕೆಂಪಗೆ ಸುಟ್ಟ ಮಟನ್! ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಯಮುನಾಬಾಯಿಯ ತವರಿನಲ್ಲಿ ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ಮರುದಿನವೇ ಅನುಮತಿ ಕೇಳಿದಳು.

ಭಾನುವಾರ ಸಮಿತಿ ಖುದ್ದಾಗಿ ಬಂತು. "ಬಯಕಿ ಬಸುರೀದ ಆದ್ರೂ ಬೆಂಕಿ ಎಲ್ಲಾರದವ್ವಾ," ಅಂದರು ಅಮರೇಶಪ್ಪ. "ನಮ್ಮ ಕಣ್ಮುಂದ ಮಾಡಿ ತೋರಿಸು."

ಯಮುನಾಬಾಯಿ ಮಾಡಿದಳು. ಕಾವು ತೀರಾ ಕಡಿಮೆಯಾದರೆ ಮಾಂಸ ಬೇಯುವ ಬದಲು ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಒಳಗಿನ ಬಿಸಿ ಅಳೆಯುವ ಸೂಜಿಯನ್ನೂ ತರಿಸಿದ್ದಳು. ಅದನ್ನು ಮಟನ್ನಿಗೆ ಚುಚ್ಚಿ ತೋರಿಸಿದಳು.

"ಸೂಜಿ ಮಾತು ಕೇಳಿ ಅನುಮತಿ ಕೊಡಾಕ ಬರೂದಿಲ್ಲ," ಅಂದರು ಅಧ್ಯಕ್ಷರು. "ನಾಲಿಗೀನ ಸಾಕ್ಷಿ."

ಮೇಲಿನ ಉರಿ ಹಚ್ಚಿದಾಗ ಸದಸ್ಯ ಗುರುಶಾಂತ ಹೌಹಾರಿದ. "ಬಾಗಿಲಾ ತೆರದೈತಿ! ಮುಚ್ಚಿರಬೇಕಂತ ನಮ್ಮ ನಿಯಮ ಐತಿ!"

"ಮ್ಯಾಲಿನ ಉರಿ ಹಚ್ಚಿದಾಗ ಚೂರು ತೆರದಿಡ್ರಿ ಅಂತ ಈ ಓವನ್ನಿನ ಕಂಪನಿಯವ್ರ ಹೇಳ್ಯಾರ್ರಿ," ಅಂದಳು ಯಮುನಾಬಾಯಿ.

ದೀರ್ಘ ಚರ್ಚೆಯ ನಂತರ ಸಮಿತಿ ಹೀಗೆ ಠರಾವು ಮಾಡಿತು: ಚೂರು ತೆರೆದ ಬಾಗಿಲನ್ನು ಮುಚ್ಚಿದ ಬಾಗಿಲೆಂದೇ ಪರಿಗಣಿಸತಕ್ಕದ್ದು.

ಆಮೇಲೆ ರುಚಿ ಪರೀಕ್ಷೆ. ಮಟನ್ ತಟ್ಟೆಯ ನಾಲ್ಕು ಮೂಲೆಗೆ ಸಮಿತಿಯ ನಾಲ್ವರು ಕೂತರು. ತಟ್ಟೆ ಬರಿದಾಯಿತು. ಆದರೆ ನಡುವಿನ ತುಂಡನ್ನು ಗುರುಶಾಂತನೊಬ್ಬನೇ ತಿಂದದ್ದರಿಂದ ಕೋರಂ ಇಲ್ಲವಾಗಿ, ಪರೀಕ್ಷೆ ಅಸಿಂಧುವಾಯಿತು. ಮುಂದಿನ ಭಾನುವಾರ ಮತ್ತೆ ಮಟನ್, ಮತ್ತೆ ಸಮಿತಿ. ಅದರಾಚೆಯ ಭಾನುವಾರವೂ ಅದೇ. ಒಂದು ತುಂಡನ್ನಾದರೂ ಎತ್ತಿಡೋಣವೆಂದು ಯಮುನಾಬಾಯಿ ಕೈಹಾಕಿದರೆ, ಪರಿಶೀಲನೆಯಲ್ಲಿರುವ ವಸ್ತುವನ್ನು ಅರ್ಜಿದಾರರು ಮುಟ್ಟತಕ್ಕದ್ದಲ್ಲವೆಂದು ಗುರುಶಾಂತ ತಟ್ಟೆ ಎಳೆದುಕೊಂಡ.

ಒಳಕೋಣೆಯಿಂದ ಐಶ್ವರ್ಯಾ ಅಳುತ್ತಾ ಕೇಳಿದಳು, "ಅತ್ತಿ, ವಾಸನಿ ನೋಡಾಕೂ ಅನುಮತಿ ಬೇಕೇನ್ರಿ?"

ಯಮುನಾಬಾಯಿ ಸಮಿತಿಯತ್ತ ತಿರುಗಿ ಕೂಗಿದಳು. "ನಿಮ್ಮ ಬಾಯಾಗ ಮಣ್ಣು ಬೀಳ್ಲಿ! ನಾಳೆ ನನ್ನ ಮೊಮ್ಮಗುವಿನ ಕಿವಿ ಸೋರಿದ್ರ ಯಾರು ಒರಸ್ತೀರಿ? ನೀನ, ಗುರುಶಾಂತ?"

ಸಮಿತಿ ಕಲ್ಲೆದೆಯದಲ್ಲ. ಅಲ್ಲೇ ತುರ್ತು ಸಭೆ ಕೂತಿತು. ಸದಸ್ಯರಿಗಷ್ಟೇ ತಿನ್ನಲು ಅವಕಾಶವಿರುವುದರಿಂದ ಬಸುರಿಯನ್ನೇ ಸದಸ್ಯೆಯನ್ನಾಗಿ ಮಾಡಲಾಯಿತು. ಅತ್ತೆಯನ್ನು ಸಹಾಯಕ್ಕೆ ನೇಮಿಸಲಾಯಿತು. ಆದರೆ ಸ್ವಂತ ಮನೆಯ ಓವನ್ನನ್ನು ತಾವೇ ಪರೀಕ್ಷಿಸುವುದು ಪಕ್ಷಪಾತ. ಕೆಳಗಿನ ಮನೆಯ ನಿಖಿತಾ ಕೋಳಿ ಸುಡಲು ಅನುಮತಿ ಕೇಳಿದ್ದಳು. ಅತ್ತೆ-ಸೊಸೆ ಇಬ್ಬರನ್ನೂ ಪರೀಕ್ಷೆಗೆ ಅಲ್ಲಿಗೆ ಕಳಿಸಲಾಯಿತು. ಮಟನ್ನಿನ ಜಾಗದಲ್ಲಿ ಕೋಳಿ ಎಂದು ಬಯಕೆಗೆ ತಿದ್ದುಪಡಿಯನ್ನೂ ತರಲಾಯಿತು. ಐಶ್ವರ್ಯಾ ತಕರಾರು ಮಾಡಲಿಲ್ಲ.

ನಿಖಿತಾ ಕೋಳಿಯನ್ನು ಓವನ್ನಿನಿಂದ ಇಳಿಸಿ, ಐಶ್ವರ್ಯಾಳ ತಟ್ಟೆಗೆ ಒಂದು ಸಣ್ಣ ತುಂಡು ಹಾಕಿದಳು. "ನಮ್ಮಮ್ಮ ಮೈಸೂರಿಂದ ಬಂದಿದ್ದಾರೆ, ಆಂಟಿ. ಎರಡು ವರ್ಷ ಆದ್ಮೇಲೆ ಬಂದಿರೋದು. ಅವರಿಗೇಂತಲೇ ಮಾಡಿದ್ದು."

ಯಮುನಾಬಾಯಿ ಕುರ್ಚಿ ಎಳೆದುಕೊಂಡು ಕೂತಳು. ಮೂರು ಭಾನುವಾರ ತನ್ನ ಮಟನ್ ತಟ್ಟೆ ಬರಿದಾದದ್ದು ಅವಳಿಗೆ ನೆನಪಿತ್ತು. ಆದರೆ ಈಗ ಅವಳು ಸಮಿತಿಯ ಕಡೆಯವಳು.

"ಇಷ್ಟು ಸಣ್ಣ ತುಂಡಿನಾಗ ಸುರಕ್ಷತಾ ಗೊತ್ತಾಗೂದಿಲ್ಲವ್ವಾ," ಅಂದಳು. "ಕಾಲಿಂದು ಹಾಕು. ನಂಗೂ ಒಂದು ತಟ್ಟಿ ಕೊಡು. ನಿಮ್ಮಮ್ಮಗ ಸಾರು ಐತಲ್ಲ?"

ನಿಖಿತಾ ಎರಡೂ ಕಾಲು ಬಡಿಸಿದಳು. ನಿಯಮವೆಂದರೆ ನಿಯಮ.