ರೊಟ್ಟಿಯ ಸಪ್ಪಳ ಕೇಳಿ ಮನೆ ಹಿಡಿದದ್ದು

“ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ ಇವರು ಪುಣೆಯ ಆ ತುದಿಗೆ ಹೋಗಿ ಮನೆ ಹಿಡಿದರು” ಎಂಬುದು ನಮ್ಮ ಬಳಗದಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆ. ಇದನ್ನು ನಾನು ಒಪ್ಪುವುದಿಲ್ಲ. ನಾನು ಮನೆ ಹಿಡಿದದ್ದು ಶುದ್ಧ ಸಂಶೋಧನೆಯಿಂದ.

ತೊಂಬತ್ತರ ದಶಕದಲ್ಲಿ ಪುಣೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ವಿಜಾಪುರ ಬಿಡಲು ನನ್ನ ಹೆಂಡತಿ ಇಂದುಮತಿಯದು ಒಂದೇ ಷರತ್ತು: ನೆರೆಮನೆಯಲ್ಲಿ ಕನ್ನಡ ಮಾತಾಡುವ ಒಂದು ಹೆಣ್ಣುಜೀವ ಇರಬೇಕು. ಆಕೆಗೆ ಮರಾಠಿಯ ಒಂದಕ್ಷರವೂ ಬಾರದು. ಆಕೆಯ ತಂಗಿಯ ಗಂಡ ಗುರುರಾಯ ಮೂರು ವರ್ಷ ಮೊದಲೇ ಸದಾಶಿವ ಪೇಠೆ ಸೇರಿದ್ದ. ಅವನಿಗೆ ಪದವಿಯಿತ್ತು, ಸ್ಕೂಟರಿತ್ತು, ಗ್ಯಾಲರಿಯಿರುವ ಮನೆಯಿತ್ತು. ಕೇಳಿದವರಿಗೂ ಕೇಳದವರಿಗೂ ಕೊಡಲು ಸಲಹೆಯಿತ್ತು. ತನ್ನ ಓಣಿಯ ತುಂಬ ಕನ್ನಡದವರೇ ಇದ್ದಾರೆ, ಪಕ್ಕದ ಮನೆಯೂ ಖಾಲಿಯಿದೆ ಎಂದು ಬರೆದಿದ್ದ. ಪದವೀಧರರು ಹೇಳಿದ್ದನ್ನೆಲ್ಲ ನಂಬುವುದಾದರೆ ನಾನು ಅಷ್ಟು ವರ್ಷ ವಾಚನಾಲಯದಲ್ಲಿ ಕೂತದ್ದೇಕೆ?

ಒಬ್ಬನೇ ಹೋಗಿ, ಅವನ ಮನೆಯಲ್ಲಿ ಇಳಿಯದೆ, ಲಾಡ್ಜಿನಲ್ಲಿ ಉಳಿದೆ. ನನ್ನ ವಿಧಾನ ಸರಳ. ನಮ್ಮವರಿರುವಲ್ಲಿ ಬೆಳಗ್ಗೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಇದ್ದೇ ಇರುತ್ತದೆ. ಪುಣೆಯ ಮರಾಠಿಗರು ಚಪಾತಿಯವರು ಎಂದು ಎಲ್ಲೋ ಓದಿದ್ದೆ. ಷಡ್ಡಕ ಸುಳ್ಳು ಹೇಳಬಹುದು, ರೊಟ್ಟಿ ಹೇಳಲಾರದು!

ಮೊದಲ ದಿನ ಗುರುರಾಯನ ಓಣಿಯಲ್ಲಿ ಕಿವಿ ತೆರೆದುಕೊಂಡು ಮೂರು ಸಲ ಅಡ್ಡಾಡಿದೆ. ಒಂದು ಸಪ್ಪಳವಿಲ್ಲ. ನನ್ನ ನಡಿಗೆ ಹಗುರಾಯಿತು. ಎದುರಿನ ಹೋಟೆಲಿನಲ್ಲಿ ಈರುಳ್ಳಿ ಉದುರಿಸಿದ ಖಾರದ ಮಿಸಳ್ ಎರಡು ಪ್ಲೇಟು ತಿಂದೆ. ಮರುದಿನ ಊರಿನ ಇನ್ನೊಂದು ತುದಿಯ ಧನಕವಡಿಯ ಓಣಿಯೊಂದಕ್ಕೆ ಕಾಲಿಟ್ಟರೆ ಒಂಬತ್ತೂ ಮನೆಗಳಿಂದ ಧಪ್ ಧಪ್! ಅಲ್ಲೇ ಖಾಲಿಯಿದ್ದ ಹತ್ತನೆಯ ಮನೆ ಹಿಡಿದೆ.

ಸಾಮಾನು ಇಳಿಸಿದ ದಿನ ಇಂದುಮತಿ ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಗೆ ಹೋದಳು. ಒಂದು ಬಿಸಿ ಭಾಕರಿ, ಅಂದರೆ ಮರಾಠಿಗರ ಜೋಳದ ರೊಟ್ಟಿ, ಮತ್ತು ಬಹಳಷ್ಟು ಮರಾಠಿಯೊಂದಿಗೆ ಮರಳಿದಳು. ಆಚೆ ಮನೆಯಲ್ಲೂ ಅದೇ. ಒಂಬತ್ತು ಮನೆ, ಒಂಬತ್ತು ಭಾಕರಿ, ಹೆಪ್ಪಿಲ್ಲ. ನಾನು ಓದಿದ್ದನ್ನು ಆ ಓಣಿಯವರು ಓದಿರಲಿಲ್ಲ.

ಭಾನುವಾರ ಗುರುರಾಯ ಸ್ಕೂಟರಿನಲ್ಲಿ ಬಂದ. ಹೆಪ್ಪು ತಂದಿದ್ದ. ಅದು ನನ್ನನ್ನು ಇನ್ನಷ್ಟು ಉರಿಸಿತು.

“ನಿಮ್ಮ ಓಣ್ಯಾಗ ಒಂದ ಮನ್ಯಾಗೂ ರೊಟ್ಟಿ ಬಡಿಯೂದಿಲ್ಲ. ನಾ ಖುದ್ದ ಬಂದು ಕೇಳೀನಿ,” ಎಂದೆ.

“ಯಾವತ್ತ ಬಂದಿದ್ರಿ, ಅಣ್ಣಾವ್ರ?”

ಲಾಡ್ಜಿನ ಗೋಡೆಯ ಕ್ಯಾಲೆಂಡರಿನಿಂದ ಹರಿದ ಆ ದಿನದ ಹಾಳೆಯನ್ನು ಮುಂದಿಟ್ಟೆ. ಅದರ ಹಿಂಬದಿಯಲ್ಲಿ ನನ್ನ ಟಿಪ್ಪಣಿಯಿತ್ತು. ಮುಂಬದಿ ನೋಡುವುದು ನನ್ನ ಸಂಶೋಧನೆಯ ವ್ಯಾಪ್ತಿಗೆ ಬಂದಿರಲಿಲ್ಲ. ಅವನು ನೋಡಿದ.

“ಅವತ್ತ ಏಕಾದಶಿ ಇತ್ತಲ್ರೀ. ನಮ್ಮ ಓಣಿ ಮಂದಿ ಎಲ್ಲಾರೂ ಉಪವಾಸ. ರೊಟ್ಟಿ ಯಾರ ಬಡೀಬೇಕು?”

ಇಂದುಮತಿ ನಿಧಾನವಾಗಿ ನನ್ನತ್ತ ತಿರುಗಿದಳು. “ಅಂದ್ರ, ಅವತ್ತ ನೀವೇನ್ ತಿಂದ್ರಿ?”

ಮಿಸಳಿನ ವಿಷಯ ಇಲ್ಲಿ ಅಪ್ರಸ್ತುತ.

ಗುರುರಾಯನ ಪಕ್ಕದ ಮನೆಗೆ ಅಷ್ಟರಲ್ಲಿ ಗದಗಿನವರು ಬಂದಿದ್ದರು. ಆ ಮನೆಯಾಕೆ ಭಾಳ ಮಾತುಗಾರ್ತಿಯಂತೆ. ಇಂದುಮತಿ ಮರಾಠಿ ಕಲಿಯಲು ಆರು ತಿಂಗಳು ಬೇಕಾಯಿತು; ನನ್ನೊಡನೆ ಕನ್ನಡ ಮಾತಾಡಲೂ ಹೆಚ್ಚುಕಡಿಮೆ ಅಷ್ಟೇ.

ಆ ಹಾಳೆ ಈಗಲೂ ಆಕೆಯ ಟ್ರಂಕಿನಲ್ಲಿದೆ. ಸಂಶಯವಿದ್ದವರು ಬಂದು ನೋಡಬಹುದು. ಹೊಟ್ಟೆಕಿಚ್ಚು ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ನನ್ನ ಕೈಬರಹದಲ್ಲಿ ಇರುವುದು ಇಷ್ಟೇ: “ಗುರುರಾಯನ ಓಣಿ. ಸಪ್ಪಳ ಇಲ್ಲ. ಕನ್ನಡದವರು ಇಲ್ಲ. ಭಾಳ ಸಂತೋಷ.”