ಅಗಲ ಚಕ್ರದ ಪ್ರದಕ್ಷಿಣೆ

ಎಲ್ಲಕ್ಕೂ ಕಾರಣ ಒಂದು ಮದುವೆಮನೆಯ ನಗು. ಚಿಕ್ಕಬಳ್ಳಾಪುರದ ಛತ್ರದ ಮುಂದೆ ಚೆನ್ನಕೇಶವ ತನ್ನ ತಂದೆಯ ಕಾಲದ ಫಿಯಟ್ ಕಾರು ನಿಲ್ಲಿಸಿದಾಗ ಹೆಣ್ಣಿನ ಕಡೆಯವನೊಬ್ಬ, "ಗಾಡಿ ಗತ್ತಾಗಿದೆ ಸಾರ್, ಟೈರು ಮಾತ್ರ ಸೈಕಲ್ದಾ?" ಎಂದುಬಿಟ್ಟ. ಸುತ್ತ ನಿಂತವರೆಲ್ಲ ನಕ್ಕರು. ಶಿಡ್ಲಘಟ್ಟದ ಕಚೇರಿಯಲ್ಲಿ ಗುಮಾಸ್ತನಾಗಿ ಸಾಹೇಬರುಗಳ ಎಷ್ಟೋ ನಗುಗಳನ್ನು ನುಂಗಿದ್ದ ಚೆನ್ನಕೇಶವನಿಗೆ ಇದೊಂದನ್ನು ನುಂಗಲಾಗಲಿಲ್ಲ. ಕಾರನ್ನು ಮೆಕ್ಯಾನಿಕ್ ಬಯ್ಯಪ್ಪನ ಶೆಡ್ಡಿಗೆ ಬಿಟ್ಟ. ಬಯ್ಯಪ್ಪ ಹಳೆಯ ರಿಮ್ಮುಗಳನ್ನು ಸೀಳಿ, ನಡುವೆ ಕಬ್ಬಿಣದ ಪಟ್ಟಿ ಕೂರಿಸಿ, ಬೆಸೆದು ಅಗಲ ಮಾಡಿ, ಅದಕ್ಕೆ ತಕ್ಕ ಟೈರು ಏರಿಸಿದ. ಶುಕ್ರವಾರ ಸಂಜೆ ಮನೆಗೆ ಬಂದ ಕಾರು, ಪಂಚೆ ಉಟ್ಟ ತಾತ ಮೊಮ್ಮಗನ ಬೂಟು ಹಾಕಿಕೊಂಡು ನಿಂತ ಹಾಗಿತ್ತು.

"ಹೆಂಗಿದೆ?" ಎಂದ ಚೆನ್ನಕೇಶವ, ಎದೆ ಉಬ್ಬಿಸಿ.

"ಚೆನ್ನಾಗಿದೆ ಕಣ್ರೀ. ಒಂದು ರೌಂಡು ನಾನು ಓಡಿಸ್ಲಾ?" ಎಂದಳು ಹೆಂಡತಿ ಶ್ಯಾಮಲಮ್ಮ.

"ಹಾಲು ಉಕ್ತಾ ಇರ್ಬೇಕು, ನೋಡೋಗು."

ಶ್ಯಾಮಲಮ್ಮ ಡ್ರೈವಿಂಗ್ ಕಲಿತು, ಪರೀಕ್ಷೆ ಪಾಸಾಗಿ, ಲೈಸೆನ್ಸು ತಂದು ವರ್ಷ ಕಳೆದಿತ್ತು. ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಅವಳು ಅದನ್ನು ತೆಗೆದು ತನ್ನ ಫೋಟೋ ನೋಡುತ್ತಿದ್ದಳು. ಫೋಟೋದಲ್ಲಿದ್ದ ಹೆಂಗಸು ಎಲ್ಲಿಗೋ ಹೊರಟವಳ ಹಾಗಿದ್ದಳು. ನೋಡುತ್ತಿದ್ದವಳು ಹುಳಿಗೆ ಬೇಳೆ ಇಟ್ಟು ಬಂದವಳು. ಇಬ್ಬರಿಗೂ ಪರಿಚಯವಿದ್ದ ಹಾಗೆ ಕಾಣುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಚೆನ್ನಕೇಶವನ ತಾಯಿ ಪೆದ್ದಮ್ಮನವರು ಚಿಂತಾಮಣಿಯಿಂದ ಬಸ್ಸಿನಲ್ಲಿ ಬರುವವರಿದ್ದರು. ಅದೇ ಹೊತ್ತಿಗೆ ಆಫೀಸಿಗೆ ಸಾಹೇಬರ ತಪಾಸಣೆ. ಆಟೋ ಎಂದರೆ ಪೆದ್ದಮ್ಮನವರಿಗೆ ಆಗದು, ಸೊಂಟ ಹಿಡಿಯುತ್ತದೆ. ಚೆನ್ನಕೇಶವ ಬಾಗಿಲಿಗೂ ಗೇಟಿಗೂ ಓಡಾಡಿ, ಕೊನೆಗೆ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿ ಕೀ ತೆಗೆದುಕೊಟ್ಟ.

"ಅಮ್ಮನ್ನ ಕೂರಿಸ್ಕೊಂಡು ಸೀದಾ ಮನೆಗೆ ಬಾ. ದಾರೀಲಿ ಏನಾದ್ರೂ ಫಜೀತಿ ಆಯ್ತೋ, ಇನ್ನು ಈ ಜನ್ಮದಲ್ಲಿ ನೀನು ಸ್ಟೇರಿಂಗ್ ಮುಟ್ಟಂಗಿಲ್ಲ."

"ಆಗದೆ ಇದ್ರೆ?"

"ಆಗದೆ ಇದ್ರೆ ಕೀ ನೀನೇ ಇಟ್ಕೊಳ್ಳಮ್ಮ!" ಎಂದು ನಕ್ಕ. ಆ ನಗುವಿನಲ್ಲಿ ಅನುಮಾನವೇ ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ತಿರುವುಗಳೆಲ್ಲ ಬಲಕ್ಕೇ ಇದ್ದವು. ಸ್ಟೇರಿಂಗು ಕಲ್ಲಿನಷ್ಟು ಭಾರವಾಗಿತ್ತು, ಆದರೆ ತಿರುಗಿತು. ಪೆದ್ದಮ್ಮನವರು ಹುಣಸೆಹಣ್ಣಿನ ಡಬ್ಬದ ಸಮೇತ ಹಿಂದಿನ ಸೀಟಿನಲ್ಲಿ ಕೂತು, "ಚೆನ್ನಕೇಶವ ಎಲ್ಲೇ?" ಎಂದರು.

"ಆಫೀಸಿಗೆ ಹೋದ್ರು ಅತ್ತೆ."

"ಮತ್ತೆ ಓಡಿಸೋರು?"

"ನಾನೇ."

ಪೆದ್ದಮ್ಮನವರು ಡಬ್ಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಕಣ್ಣು ಮುಚ್ಚಿದರು.

ಮನೆಯ ಕಡೆಗೆ ಮೊದಲ ಎಡತಿರುವು. ಶ್ಯಾಮಲಮ್ಮ ಸ್ಟೇರಿಂಗ್ ಎಡಕ್ಕೆ ಎಳೆದಳು. 'ಕರ್‍ರ್' ಎಂದು ಕಾರು ಹಲ್ಲು ಕಡಿದು ನಿಂತಿತು.

"ಏನೇ ಅದು?" ಕಣ್ಣು ತೆರೆಯದೆ ಕೇಳಿದರು ಅತ್ತೆ.

"ಹೊಸ ಟೈರು ಅತ್ತೆ. ಇನ್ನೂ ಹೊಂದ್ಕೊಂಡಿಲ್ಲ."

ಇಳಿದು ನೋಡಿದಳು. ಹಿಂದೆ ಯಾವಾಗಲೋ ರೇಷ್ಮೆಗೂಡಿನ ಟೆಂಪೋ ಗುದ್ದಿ ಒಳಕ್ಕೆ ಬಾಗಿದ್ದ ಎಡ ಮಡ್‌ಗಾರ್ಡು ಈಗಿನ ಅಗಲದ ಟೈರನ್ನು ಕಚ್ಚಿ ಹಿಡಿದಿತ್ತು. ಬಲಕ್ಕೆ ತಿರುಗಿಸಿದರೆ ಏನೂ ತೊಂದರೆಯಿಲ್ಲ. ಎಡಕ್ಕೆ ಗೇಣಷ್ಟೂ ಇಲ್ಲ. ಗಂಡ ಶೆಡ್ಡಿನಿಂದ ಮನೆಗೆ ತಂದದ್ದೂ ಬರೀ ಬಲತಿರುವುಗಳಲ್ಲೇ ಎಂಬುದು ಅವಳಿಗೆ ಆಗ ಹೊಳೆಯಿತು. ಬಯ್ಯಪ್ಪನಿಗೆ ಹೇಳಿಕಳಿಸಿದರೆ ಹತ್ತು ನಿಮಿಷದಲ್ಲಿ ಸುದ್ದಿ ಆಫೀಸು ಮುಟ್ಟುತ್ತದೆ. ಕೀ ಹೋದ ಹಾಗೆಯೇ. ಬಲಕ್ಕೇ ಹೋಗಿ ನೋಡೋಣವೆಂದು ಹೊರಟಳು. ಬಲಕ್ಕೆ, ಮತ್ತೆ ಬಲಕ್ಕೆ ತಿರುಗಿ ಆಂಜನೇಯನ ಗುಡಿಯ ಬೀದಿಗೆ ಬಂದು ಸೇರಿದಳು. ಗುಡಿಯ ಸುತ್ತ ನಾಲ್ಕು ಬೀದಿ. ಒಂದು ಮೂಲೆಯಲ್ಲಿ ಮನೆಯ ಓಣಿ ಇತ್ತು, ಎಡಕ್ಕೆ. ನೇರಕ್ಕೆ ಒಂದು ಕಾರಿನಷ್ಟು ಜಾಗ ಬಿಟ್ಟು ಚರಂಡಿ ಅಗೆದಿದ್ದರು. ಉಳಿದದ್ದು ಬಲವೊಂದೇ.

"ಮನೆ ಆ ಕಡೆ ಅಲ್ವೇನೇ?" ಪೆದ್ದಮ್ಮನವರು ಒಂದು ಕಣ್ಣು ತೆರೆದರು.

ಶ್ಯಾಮಲಮ್ಮ ಉತ್ತರ ಹುಡುಕುವ ಮೊದಲೇ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದ ಅಕ್ಕಯಮ್ಮ ಎದ್ದು ನಿಂತಳು. "ಏಮಮ್ಮಾ ಶ್ಯಾಮಲಮ್ಮಾ! ಶನಿವಾರ, ಹೊಸ ಚಕ್ರ, ಅತ್ತೇನ ಕೂರಿಸ್ಕೊಂಡು ಪ್ರದಕ್ಷಿಣೆ ಹಾಕಿಸ್ತಿದ್ದೀಯಾ?"

"ಹೂಂ," ಎಂದಿತು ಶ್ಯಾಮಲಮ್ಮನ ಬಾಯಿ, ಅವಳನ್ನು ಕೇಳದೆ.

ಕನ್ನಡಿಯಲ್ಲಿ ನೋಡಿದರೆ ಅತ್ತೆಯ ಎರಡೂ ಕಣ್ಣು ತೆರೆದಿದ್ದವು, ಒದ್ದೆಯಾಗಿದ್ದವು. "ಮಂಡಿ ನೋವು ಶುರುವಾದ್ಮೇಲೆ ಒಂದು ಸುತ್ತೂ ಹಾಕಕ್ಕಾಗಿರಲಿಲ್ಲ ಕಣೇ. ನನ್ನ ಹೊಟ್ಟೇಲಿ ಹುಟ್ಟಿದವನಿಗೇ ಹೊಳೀಲಿಲ್ಲ," ಎಂದರು. ಡಬ್ಬ ಬಿಟ್ಟು ಕೈ ಮುಗಿದರು. ಶ್ಯಾಮಲಮ್ಮನಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳನ್ನು ಇಷ್ಟು ಹೊತ್ತು ಬಯ್ಯದೆ ಇದ್ದದ್ದು ಇದೇ ಮೊದಲು.

ಎರಡನೇ ಸುತ್ತಿಗೆ ಅಕ್ಕಯಮ್ಮ ಕಾರಿನ ಹಿಂದೆ ನಡೆಯತೊಡಗಿದಳು. ಮೂರನೆಯದಕ್ಕೆ ಬೀದಿಯ ಹೆಂಗಸರೆಲ್ಲ ಸೇರಿದರು. ಅರ್ಚಕರು ಓಡಿಬಂದು ಬಾನೆಟ್ಟಿನ ಮೇಲೆ ತುಳಸಿಹಾರ ಹಾಕಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ರಾಮಾಂಜಿನಪ್ಪ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ನಿಮ್ಮ ಓಣಿ ಎಡಕ್ಕಲ್ವೇನಮ್ಮಾ? ತಿರುಗಿಸಕ್ಕೆ ಬರಲ್ವಾ ಹೆಂಗೆ?"

"ಹರಕೇನ ಯಾರಾದ್ರೂ ಮಧ್ಯಕ್ಕೆ ಬಿಡ್ತಾರೇನಯ್ಯಾ? ಮೇಷ್ಟ್ರಂತೆ ಮೇಷ್ಟ್ರು!" ಎಂದು ಅಕ್ಕಯಮ್ಮ ಗದರಿದಳು. ಮೇಷ್ಟ್ರು ಚಪ್ಪಲಿ ಬಿಟ್ಟು ಮೆರವಣಿಗೆ ಸೇರಿಕೊಂಡರು.

ಪೆಟ್ರೋಲಿನ ಮುಳ್ಳು ಮಲಗುತ್ತಾ ಬಂದಿತ್ತು. ಕಾರು ಇಲ್ಲೇ ನಿಂತರೆ ಫಜೀತಿ ಊರಿಗೇ ಗೊತ್ತಾಗುತ್ತದೆ. ಶ್ಯಾಮಲಮ್ಮ ಮನಸ್ಸಿನಲ್ಲೇ ಕಾರನ್ನು ಅಂಗೈ ಮೇಲೆ ಇಟ್ಟುಕೊಂಡು ಹಿಂದೆ ಮುಂದೆ ಆಡಿಸಿದಳು. ಸ್ಟೇರಿಂಗ್ ಬಲಕ್ಕೆ ಹಿಡಿದು ಮುಂದೆ ಹೋದರೆ ಮೂತಿ ಬಲಕ್ಕೆ. ಬಲಕ್ಕೇ ಹಿಡಿದು ಹಿಂದಕ್ಕೆ ಹೋದರೆ? ಹಿಂಭಾಗ ಬಲಬೀದಿಗೆ ನುಗ್ಗುತ್ತದೆ, ಮೂತಿ ಎಡಕ್ಕೆ ತಿರುಗಿ ಸೀದಾ ಮನೆಯ ಓಣಿಯನ್ನು ನೋಡುತ್ತದೆ! ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಆದರೆ ಹಿಂದೆ ಬೀದಿಗೆ ಬೀದಿಯೇ ಕೈಮುಗಿದು ನಿಂತಿತ್ತು. ಮೂಲೆ ದಾಟಿ ಚರಂಡಿಯ ಅಂಚಿಗೆ ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದಳು.

"ದೇವರಿಗೆ ಬೆನ್ನು ತೋರಿಸ್ಕೊಂಡು ಹೋಗಬಾರದಲ್ವಾ? ಹಿಂದಕ್ಕೆ ಸರಿದೇ ಹೋಗಬೇಕು. ಸ್ವಲ್ಪ ದಾರಿ ಬಿಡಿ!"

ಜನ ಸೀಳಿ ದಾರಿಯಾಯಿತು. ಫಿಯಟ್ಟು ವಿನಯದಿಂದ ಹಿಂದಡಿಯಿಟ್ಟು ಬಲಬೀದಿಗೆ ಸರಿಯಿತು; ಮೂತಿ ಓಣಿಯ ಕಡೆ ಬಂತು.

"ನೋಡಿ ಕಲೀರಯ್ಯಾ," ಎಂದರು ಅರ್ಚಕರು. "ಕಾರಿಗಿರೋ ಬುದ್ಧಿ ನಿಮಗಿಲ್ಲ."

ಸಂಜೆ ಚೆನ್ನಕೇಶವ ಹೊಸಿಲು ದಾಟುವ ಮೊದಲೇ ಪೆದ್ದಮ್ಮನವರು ತೀರ್ಪು ಕೊಟ್ಟರು. "ಇನ್ನು ಮೇಲೆ ಕೀ ಅವಳ ಹತ್ರಾನೇ ಇರ್ಲಿ. ಆ ಚಕ್ರಾನ ಆಂಜನೇಯ ಒಪ್ಪಿದ್ದಾನೆ. ಅದರ ತಂಟೆಗೆ ಯಾರಾದ್ರೂ ಹೋದ್ರೆ ನಾನು ಚಿಂತಾಮಣಿ ಬಸ್ಸು ಹತ್ತೋದೇ."

ಅಡುಗೆಮನೆಯಲ್ಲಿ ಶ್ಯಾಮಲಮ್ಮ ಗಂಡನಿಗೆ ನಿಜ ಹೇಳಿದಳು. "ಕಾರು ಎಡಕ್ಕೆ ತಿರುಗಲ್ಲ ಕಣ್ರೀ. ಟೈರು ಮಡ್‌ಗಾರ್ಡಿಗೆ ಕಚ್ಕೊಳ್ಳುತ್ತೆ."

"ನಿನಗೆ ತಿರುಗಲ್ಲ," ಎಂದ ಚೆನ್ನಕೇಶವ. "ನನಗೆ ತಿರುಗುತ್ತೆ."

ಭಾನುವಾರ ಅವಳು ಎದ್ದಾಗ ಗೇಟಿನಲ್ಲಿ ಕಾರಿರಲಿಲ್ಲ, ದಿಂಬಿನ ಪಕ್ಕ ಕೀ ಇರಲಿಲ್ಲ. ಗುಡಿಯ ಕಡೆಯಿಂದ ಗಂಟೆ ಕೇಳಿಸಿತು. ಸೆರಗು ಸಿಕ್ಕಿಸಿಕೊಂಡು ಹೋಗಿ ನೋಡಿದರೆ, ಚೆನ್ನಕೇಶವ ಬನಿಯನ್ನಿನಲ್ಲೇ ಬೆವರು ಸುರಿಸುತ್ತಾ ಫಿಯಟ್ಟಿನಲ್ಲಿ ಗುಡಿ ಸುತ್ತುತ್ತಿದ್ದ. ಹಿಂದೆ ಜನ.

"ಯಜಮಾನ್ರದ್ದೂ ಹರಕೆ! ಆಗ್ಲೇ ಒಂಬತ್ತು ಸುತ್ತಾಯ್ತು!" ಎಂದು ಅಕ್ಕಯಮ್ಮ ಕೂಗಿ ಹೇಳಿದಳು.

ಕಾರು ಅವಳ ಮುಂದೆ ಬಂದು ನಿಂತಿತು. ಚೆನ್ನಕೇಶವ ತುಟಿ ಅಲುಗದ ಹಾಗೆ ಪಿಸುಗುಟ್ಟಿದ: "ಶ್ಯಾಮಲಾ, ನಿನ್ನೆ ಮನೆಗೆ ಹೆಂಗೆ ಬಂದೆ ನೀನು?"

"ಆ ಕಡೆ ಸರೀರಿ."

ಅವನು ಸರಿದ. ಹೆಂಡತಿ ಹೇಳಿದ ಮಾತಿಗೆ ಎದುರಾಡದೆ ಸರಿದದ್ದನ್ನು ಇಡೀ ಬೀದಿ ನೋಡಿತು. ಶ್ಯಾಮಲಮ್ಮ ಕೂತು, ಕನ್ನಡಿ ತನ್ನ ಮುಖಕ್ಕೆ ಹೊಂದಿಸಿ, ಗೇರಿಗೆ ಕೈ ಹಾಕಿದಳು. ಇನ್ನು ಮನೆ, ಆಮೇಲೆ ಅತ್ತೆಯನ್ನು ಹೇಗಾದರೂ ಒಪ್ಪಿಸಿ ಮಡ್‌ಗಾರ್ಡಿಗೆ ಬಯ್ಯಪ್ಪನ ಸುತ್ತಿಗೆ ಏಟು, ಆಮೇಲೆ ನಂದಿಬೆಟ್ಟದ ದಾರಿ. ಲೈಸೆನ್ಸಿನ ಆ ಹೆಂಗಸು ಇವತ್ತು ಹೊರಡುತ್ತಾಳೆ.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು. ಅಕ್ಕಯಮ್ಮ ಒಳಗೆ ತೂರಿದಳು. ಅವಳ ಹಿಂದೆ ಇಬ್ಬರು ಮುದುಕಿಯರು, ಅವರ ತೊಡೆಯ ಮೇಲೆ ಮೂರನೆಯವಳು. ರಾಮಾಂಜಿನಪ್ಪ ಮೇಷ್ಟ್ರು ಆಚೆ ನಿಂತು ಉಳಿದವರನ್ನು ಸಾಲು ಮಾಡಿಸುತ್ತಿದ್ದರು. ಸಾಲು ಹೂವಿನಂಗಡಿ ದಾಟಿತ್ತು.

"ನಮಗೂ ಮಂಡಿ ನೋವೇ ಕಣ್ ತಾಯಿ," ಎಂದಳು ಅಕ್ಕಯಮ್ಮ. "ನಿಮ್ಮತ್ತೆ ಆಗ್ಲೇ ಮಾತು ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ, ತಲೆಗೆ ಮೂರು ಸುತ್ತು. ನಿಧಾನಕ್ಕೆ ಹೋಗಣ."

ಶ್ಯಾಮಲಮ್ಮ ಸಾಲನ್ನು ನೋಡಿದಳು, ಎಡಕ್ಕಿದ್ದ ಓಣಿಯನ್ನು ನೋಡಿದಳು. ಪಕ್ಕದ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ಯಾರೋ ಆಗಲೇ ಹಣ್ಣುಕಾಯಿ ತಟ್ಟೆ ಇಟ್ಟಿದ್ದರು.

"ಗಟ್ಟಿಯಾಗಿ ಹಿಡ್ಕೊಳ್ರೀ," ಎಂದಳು. "ಬೀಳಿಸಿದ್ರೆ ನಾಳೆಯಿಂದ ಹಿಂದೆ ಕೂರಿಸ್ತೀನಿ."

ಜೋರಾಗಿ ಹಾರನ್ನು ಒತ್ತಿ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಳು.